ರೋಬೋಟಿನ ಜ್ಞಾನತಾಯಿ

ಪುಯೆರ್ತೊ ಕೊಯಿವೆಯ ಆಸ್ಪತ್ರೆಯವರು ಮಾಡಿದ ತಪ್ಪು ಒಂದೇ. ಜ್ಞಾನತಾಯಿ ಎಂದರೆ ಫೋಟೋಕ್ಕೆ ನಿಲ್ಲುವ ಹೆಂಗಸು ಎಂದುಕೊಂಡರು.

ಚಿಲಿಯ ಈ ಕಡಲದಂಡೆಯಲ್ಲಿ ಜ್ಞಾನಸ್ನಾನ ಮಕ್ಕಳಿಗೆ ಮಾತ್ರ ಎಂದು ಯಾರೂ ಹೇಳುವುದಿಲ್ಲ. ಹೊಸ ದೋಣಿಗೂ ಆಗುತ್ತದೆ, ಬೆಂಕಿ ಆರಿಸುವವರ ಹೊಸ ಲಾರಿಗೂ ಆಗುತ್ತದೆ. ಪಾದ್ರಿ ನೀರು ಚಿಮುಕಿಸುತ್ತಾನೆ. ಒಬ್ಬ ಜ್ಞಾನತಂದೆ, ಒಬ್ಬಳು ಜ್ಞಾನತಾಯಿ ಪಕ್ಕದಲ್ಲಿ ನಿಂತು ಇದರ ಹೊಣೆ ನಮ್ಮದು ಎನ್ನುತ್ತಾರೆ. ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆ ಮಾಡುವ ರೋಬೋಟು ಬಂದಾಗ ಅದಕ್ಕೂ ಹಾಗೇ ಆಯಿತು. ಜ್ಞಾನತಂದೆ ದೋನ್ ಫೆರ್ಮಿನ್, ಮೀನುಹಿಟ್ಟಿನ ಕಾರ್ಖಾನೆಯ ಧಣಿ, ಯಂತ್ರ ಕೊಡಿಸಿದವರು. ಜ್ಞಾನತಾಯಿ ಎದೆಲ್ಮಿರಾ ಸಾನ್ವೆಸಾ, ಬಂದರಿನಲ್ಲಿ ಚಿಪ್ಪುಮೀನು ಬೇಯಿಸಿ ಮಾರುವವಳು, ಆಸ್ಪತ್ರೆಯ ರೋಗಿಗಳ ಸಂಘಕ್ಕೆ ಅಧ್ಯಕ್ಷೆ. ಯಂತ್ರದ ಜೊತೆ ಬಂದಿದ್ದ ಎಂಜಿನಿಯರು ನೀರು ಬೀಳುತ್ತದೆಂದು ಅದಕ್ಕೆ ಪ್ಲಾಸ್ಟಿಕ್ಕು ಹೊದಿಸಿದ. ಪಾದ್ರಿ ಪ್ಲಾಸ್ಟಿಕ್ಕಿಗೇ ಜ್ಞಾನಸ್ನಾನ ಮಾಡಿಸಿ ಮುಗಿಸಿದ. ಕೈ ನಾಲ್ಕೇ ಇದ್ದರೂ ಊರು ಅದಕ್ಕೆ ಪುಲ್ಪೀತೊ, ಅಂದರೆ ಎಂಟು ಕೈಯ ಆಕ್ಟೋಪಸ್ಸಿನ, ಅಷ್ಟಪದಿಯ ಮರಿ, ಎಂದು ಹೆಸರಿಟ್ಟಿತು.

ಇಲ್ಲಿ ಇನ್ನೊಂದು ಪದ್ಧತಿ ಇದೆ. ಜ್ಞಾನಸ್ನಾನ ಮುಗಿದು ಚರ್ಚಿನಿಂದ ಹೊರಗೆ ಬರುವ ಜ್ಞಾನತಂದೆ ಜೇಬಿನಿಂದ ಚಿಲ್ಲರೆ ತೆಗೆದು ಮಕ್ಕಳ ಕಡೆ ತೂರಬೇಕು. ತೂರದಿದ್ದರೆ ಮಕ್ಕಳು "ಪದ್ರೀನೊ ಕಾಚೊ, ಪದ್ರೀನೊ ಕಾಚೊ" ಎಂದು ಕೂಗುತ್ತ ಬೆನ್ನು ಹತ್ತುತ್ತವೆ. ಪದ್ರೀನೊ ಎಂದರೆ ಜ್ಞಾನತಂದೆ, ಕಾಚೊ ಎಂದರೆ ಕೈ ಬಿಚ್ಚದ ಜಿಪುಣ. ಕಾಚೊ ಎಂಬುದಕ್ಕೆ ಇನ್ನೊಂದು ಅರ್ಥವೂ ಉಂಟು: ಇಟ್ಟುಕೊಳ್ಳಲೂ ಆಗದ, ಬಿಸಾಡಲೂ ಆಗದ ಬಿಳಿ ಆನೆ. ಅಂದು ಬಂದರಿನ ಮಕ್ಕಳು ಆಸ್ಪತ್ರೆಯ ಗೇಟಿನ ಆಚೆ ನಿಂತು ಗಂಟಲು ಹರಿಯುವಂತೆ ಕೂಗಿದವು. ದೋನ್ ಫೆರ್ಮಿನ್ ಬಂಗಲೆಗಳಲ್ಲಿ ಬೆಳೆದವರು. ಮಕ್ಕಳು ಜೈಕಾರ ಹಾಕುತ್ತಿವೆ ಎಂದುಕೊಂಡು ನಗುತ್ತಾ ಕೈ ಬೀಸಿ ಕಾರು ಹತ್ತಿದರು.

ಎದೆಲ್ಮಿರಾಗೆ ಅದು ಅಂದೇ ಸರಿಕಾಣಲಿಲ್ಲ. ಆದರೆ ಆ ತಿಂಗಳಲ್ಲೇ ಅವಳ ಗಂಡ ಬೆಲಾರ್ಮಿನೊಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಪುಲ್ಪೀತೊ ಆಪರೇಷನ್ ಮಾಡಿತು. ಮೂರನೆಯ ದಿನಕ್ಕೆ ಅವನು ಮನೆಯಲ್ಲಿದ್ದ, ಬೇಸಿಗೆಗೆ ಮತ್ತೆ ಸಮುದ್ರದಲ್ಲಿ ಮುಳುಗಿ ಚಿಪ್ಪು ಕೀಳುತ್ತಿದ್ದ. "ಜೀವಮಾನವೆಲ್ಲ ನಾನು ಅಷ್ಟಪದಿ ಹಿಡಿದೆ, ಕೊನೇಲಿ ಅಷ್ಟಪದಿ ನನ್ನ ಹಿಡೀತು" ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾನೆ. ಎದೆಲ್ಮಿರಾ ಕ್ರಿಸ್‌ಮಸ್ಸಿಗೆ ಹೋಗಿ ಯಂತ್ರಕ್ಕೆ ಕೆಂಪು ರಿಬ್ಬನ್ ಕಟ್ಟಿ ಬಂದಳು. ನರ್ಸು ಅದನ್ನು ಬಿಚ್ಚಿದಳೆಂದು ಒಂದು ವಾರ ಅವಳ ಜೊತೆ ಮಾತು ಬಿಟ್ಟಳು.

ಈ ವರ್ಷ ಲೆಕ್ಕ ಒಪ್ಪಿಸುವ ಕಾಲ ಬಂತು. ಇಷ್ಟು ಖರ್ಚಿನ ಯಂತ್ರದಿಂದ ಇಷ್ಟು ಸಣ್ಣ ಊರಿಗೆ ಏನು ಪ್ರಯೋಜನ ಎಂದು ನೋಡಲು ರಾಜಧಾನಿಯಿಂದ ಅಧಿಕಾರಿಗಳು ಬರುವವರಿದ್ದರು. ಆಸ್ಪತ್ರೆಯ ನಿರ್ದೇಶಕ ಡಾಕ್ಟರ್ ಬುಲ್ನೆಸ್ ಎದೆಲ್ಮಿರಾಳನ್ನು ಕರೆಸಿಕೊಂಡು ತನ್ನ ಕೈಯಾರೆ ಚಹಾ ಬಗ್ಗಿಸಿ ಕೊಟ್ಟ. ದೊಡ್ಡವರು ಚಹಾ ಬಗ್ಗಿಸಿದರೆ ಬಡವರು ಜೇಬು ಮುಟ್ಟಿ ನೋಡಿಕೊಳ್ಳಬೇಕು.

"ಬೆಲಾರ್ಮಿನೊ ಹೇಗಿದ್ದಾರೆ ಅಮ್ಮ?"

"ನಿನ್ನೆ ನೀರಿಗಿಳಿದು ಎರಡು ಮೂಟೆ ತಂದ. ಗುಂಡುಕಲ್ಲಿನ ಹಾಗಿದಾನೆ."

"ಅದೇ ನೋಡಿ. ಶನಿವಾರದ ಸಭೇಲಿ ನೀವು ಅದನ್ನೇ ಹೇಳ್ಬೇಕು. ಜ್ಞಾನತಾಯಿ ಬಾಯಿಂದ ಬಂದ್ರೆ ಅದರ ತೂಕಾನೇ ಬೇರೆ. ರೋಬೋಟಿಂದ ಊರಿಗೆ ಒಳ್ಳೇದಾಗಿದೆ, ಹೀಗೇ ನಡೀಲಿ, ಅಷ್ಟೇ. ದೋನ್ ಫೆರ್ಮಿನ್ ಕೂಡ ಬರ್ತಾರೆ."

"ಹೇಳ್ತೀನಿ. ಇದ್ದದ್ದು ಹೇಳೋಕೆ ಏನಂತೆ."

ಬುಲ್ನೆಸ್ ಕುರ್ಚಿ ಮುಂದೆ ಎಳೆದುಕೊಂಡ. "ಅಂದಹಾಗೆ, ನಿಮ್ಮ ಕೊಮಾದ್ರೆ ಒಬ್ರು ಪಿತ್ತಕೋಶದ ಕಲ್ಲಿಗೆ ಕಾಯ್ತಿದಾರಂತಲ್ಲ?"

ಕೊಮಾದ್ರೆ ಎಂದರೆ ನೊಲ್ಫಾ ಪಾಯ್ಯಾಲೆಫ್. ನೊಲ್ಫಾಳ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವಳು ಎದೆಲ್ಮಿರಾ. ಅಂದಿನಿಂದ ಇಬ್ಬರೂ ಪರಸ್ಪರ ಕೊಮಾದ್ರೆ. ಒಡಹುಟ್ಟಿದವಳ ಜೊತೆ ಬೇಕಾದರೆ ಜಗಳವಾಡಬಹುದು, ಕೊಮಾದ್ರೆಯ ಜೊತೆ ಆಡುವಂತಿಲ್ಲ. ನೊಲ್ಫಾ ಒಂದೂವರೆ ವರ್ಷದಿಂದ ಕಾಯುತ್ತಿದ್ದಾಳೆ. ಎರಡು ಸಲ ಕಣ್ಣು ಹಳದಿಯಾಗಿ ಅವಳನ್ನು ತುರ್ತು ವಾರ್ಡಿಗೆ ಎತ್ತಿಕೊಂಡು ಹೋಗಿದ್ದರು. ಇನ್ನೊಂದು ಸಲ ಹೀಗಾದರೆ ಹೇಳಲಾಗದು ಎಂದು ಅಲ್ಲಿನವರು ಹೇಳಿ ಕಳಿಸಿದ್ದರು.

"ಸಭೆ ಆದ ಮೇಲಿನ ಗುರುವಾರ ರೋಬೋಟಲ್ಲಿ ಒಂದು ಜಾಗ ಇದೆ" ಎಂದ ಬುಲ್ನೆಸ್.

ಎದೆಲ್ಮಿರಾಳ ಎದೆ ಹಗುರಾಯಿತು. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ ಕೇಳಿದಳು: "ಅವಳ ಮುಂದೆ ಇನ್ನೂ ಜನ ಇದಾರಲ್ಲ?"

"ಅದು ಮಾಮೂಲಿ ಪಟ್ಟಿ ಅಮ್ಮ. ಇದು ರೋಬೋಟಿನ ಪಟ್ಟಿ, ಬೇರೆ." ಬುಲ್ನೆಸ್ ಅವಳ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದ. "ಸಂಘ ನಮ್ಮ ಜೊತೆಗಿದ್ರೆ ಗುರುವಾರನೂ ಇರುತ್ತೆ. ಯಂತ್ರಾನೇ ಬೇಡ ಅಂದ್ಬಿಟ್ರೆ ಗುರುವಾರ ಎಲ್ಲಿಂದ ತರಲಿ?"

ಮರುದಿನ ಮಧ್ಯಾಹ್ನ ಡಾಕ್ಟರ್ ಇಗ್ನಾಸಿಯಾ ಮಾರ್ದೋನೆಸ್ ಎಂದಿನಂತೆ ಚಿಪ್ಪುಮೀನಿನ ಸಾರು ಕುಡಿಯಲು ಎದೆಲ್ಮಿರಾಳ ಅಂಗಡಿಗೆ ಬಂದಳು. ಬೆಲಾರ್ಮಿನೊಗೆ ಪುಲ್ಪೀತೊವಿನ ಹಿಂದೆ ಕೂತು ಆಪರೇಷನ್ ಮಾಡಿದವಳು ಇವಳೇ. ಎದೆಲ್ಮಿರಾ ಸಂತೋಷದಿಂದ ಗುರುವಾರದ ಸುದ್ದಿ ಹೇಳಿದಳು. ಡಾಕ್ಟರು ಚಮಚ ಕೆಳಗಿಟ್ಟಳು.

"ಪಿತ್ತಕೋಶಕ್ಕೆ ಪುಲ್ಪೀತೊ ಯಾಕಮ್ಮ? ನಾಲ್ಕು ಸಣ್ಣ ತೂತು, ಒಂದು ಕ್ಯಾಮೆರಾ, ನನ್ನ ಕೈ. ಸಾಕು. ಮಾರನೇ ದಿನ ಮನೆಗೆ ಹೋಗ್ತಾರೆ. ಪುಲ್ಪೀತೊ ಮಾಡಿದ್ರೂ ಮಾರನೇ ದಿನಾನೇ ಹೋಗೋದು."

"ಮತ್ತೆ ಬೆಲಾರ್ಮಿನೊಗೆ?"

"ಮಾಮಂದು ಬೇರೆ. ಆ ಜಾಗ ಇಕ್ಕಟ್ಟು, ನನ್ನ ಮಣಿಕಟ್ಟು ತಿರುಗದ ಕಡೆ ಅದರದ್ದು ತಿರುಗುತ್ತೆ. ಅಂಥೋರಿಗೇ ಅಂತ ನಾನು ಹಟ ಹಿಡಿದು ಕಲಿತಿದ್ದು. ಆದ್ರೆ ನಮ್ಮೂರಲ್ಲಿ ಅಂಥೋರು ವರ್ಷಕ್ಕೆ ಎಷ್ಟು ಜನ ಸಿಕ್ತಾರೆ? ಯಂತ್ರ ಸುಮ್ನೆ ನಿಂತ್ರೆ ಬುಲ್ನೆಸ್ ಸಾಹೇಬ್ರಿಗೆ ಭಯ. ಅದಕ್ಕೇ ಎಣಿಕೆ ತುಂಬಿಸೋಕೆ ಪಿತ್ತಕೋಶ ತುರುಕ್ತಿದಾರೆ. ದಿನಕ್ಕೆ ಆರು ಜನಕ್ಕೆ ಮಾಡ್ತಿದ್ದ ಟೇಬಲ್ಲಲ್ಲಿ ಈಗ ಮೂರೇ ಜನ. ಅದರ ಕೈಗಳಿಗೆ ಚೀಲ ತೊಡಿಸಿ, ತಂದು ನಿಲ್ಲಿಸಿ, ಸಿಕ್ಕಿಸಿ ಬಿಚ್ಚೋದ್ರಲ್ಲೇ ಹೊತ್ತು ಹೋಗುತ್ತೆ."

"ಹೋಗ್ಲಿ ಬಿಡು, ಹೊತ್ತು ತಾನೆ."

"ಹೊತ್ತು ಮಾತ್ರ ಅಲ್ಲ. ಅದರ ಕತ್ತರಿಗೆ ಹತ್ತೇ ಜೀವ. ಆಪರೇಷನ್ ಒಂದಾದ್ರೆ ಒಂದು ಜೀವ ಕಮ್ಮಿ ಅಂತ ಯಂತ್ರಾನೇ ಎಣಿಸ್ಕೊಳುತ್ತೆ. ಹತ್ತು ಮುಗೀತಾ, ಆ ಕತ್ತರಿ ಎಷ್ಟೇ ಹರಿತ ಇರಲಿ, ಸತ್ತಿದೆ ಅನ್ನುತ್ತೆ. ಮುಟ್ಟಲ್ಲ."

"ಹರಿತ ಇರೋ ಕತ್ತರೀನ ಬಿಸಾಕೋದಾ?" ಎದೆಲ್ಮಿರಾಳ ಕೈಯಲ್ಲಿ ಚಿಪ್ಪು ಬಿಡಿಸುವ ಚಾಕು ಇತ್ತು. ಅದು ಅವಳ ಅತ್ತೆಯದು.

"ಬಿಸಾಕೋದು, ಹೊಸದು ತರೋದು. ಒಂದು ಪಿತ್ತಕೋಶಕ್ಕೆ ಆಗೋ ಖರ್ಚಲ್ಲಿ ಹಳೇ ರೀತೀಲಿ ನಾಲ್ಕು ಜನಕ್ಕೆ ಮಾಡ್ಬಹುದು. ಆ ದುಡ್ಡು ಎಲ್ಲಿಂದ ಬರುತ್ತೆ? ಮಾಮೂಲಿ ಪಟ್ಟಿಯವರ ದಾರ, ಸೂಜಿ, ಅರಿವಳಿಕೆ, ಎಲ್ಲದರಿಂದ. ನೊಲ್ಫಾ ಅಮ್ಮ ಒಂದೂವರೆ ವರ್ಷದಿಂದ ಯಾಕೆ ಕಾಯ್ತಿದಾರೆ ಅಂದ್ಕೊಂಡ್ರಿ?"

ಎದೆಲ್ಮಿರಾ ಕೂತುಬಿಟ್ಟಳು. "ದೋನ್ ಫೆರ್ಮಿನ್ ಕೊಡ್ಸಲ್ವಾ ಕತ್ತರೀನ?"

"ಅವರು ಯಂತ್ರ ಕೊಟ್ರು. ಕತ್ತರಿ ಮಾತು ಆಡ್ಲಿಲ್ಲ. ಸಾಹೇಬ್ರನ್ನ ಕೇಳಿದ್ರೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ ಅಂತಾರೆ."

"ನೀನು ಬಾಯಿ ಬಿಟ್ಟು ಹೇಳ್ಬಾರ್ದಾ?"

"ಹೇಳಿದೆ. ಎಣಿಕೆ ಸಾಲದಿದ್ರೆ ಯಂತ್ರಾನೇ ಎತ್ಕೊಂಡು ಹೋಗ್ತಾರೆ, ಆಗ ನಿನ್ನ ಕ್ಯಾನ್ಸರಿನವರನ್ನ ಎಲ್ಲಿಗೆ ಕಳಿಸ್ತೀಯಾ ಅಂದ್ರು." ಡಾಕ್ಟರು ತಣ್ಣಗಾದ ಸಾರನ್ನು ನೋಡಿದಳು. "ಅದೂ ಸುಳ್ಳಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿದೀನಿ."

ಸಂಜೆ ಎದೆಲ್ಮಿರಾ ನೊಲ್ಫಾಳ ಗಾಡಿಯ ಹತ್ತಿರ ಹೋದಳು. ನೊಲ್ಫಾ ಕುಂಬಳಕಾಯಿ ಹಿಟ್ಟಿನ ಪೂರಿ ಕರಿದು ಮಾರುತ್ತಾಳೆ. ಊರಿನಲ್ಲೆಲ್ಲ ಅಂಥ ಪೂರಿ ಇಲ್ಲ. ಪಿತ್ತಕೋಶದಲ್ಲಿ ಕಲ್ಲು ಕಟ್ಟಿದಂದಿನಿಂದ ಎಣ್ಣೆಯದು ಬಾಯಿಗಿಟ್ಟರೆ ಸಾಕು, ಪಕ್ಕೆ ಹಿಡಿದುಕೊಂಡು ನೆಲಕ್ಕೆ ಕುಸಿಯುತ್ತಾಳೆ. ತಾನು ಕರಿದದ್ದನ್ನು ತಾನೇ ತಿನ್ನುವಂತಿಲ್ಲ. ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಗಿರಾಕಿಯ ಮುಖ ನೋಡಿ ತಿಳಿದುಕೊಳ್ಳುತ್ತಾಳೆ.

ಗುರುವಾರ ಎಂದು ಕೇಳಿದ್ದೇ ನೊಲ್ಫಾ ಜಾಲರಿಯನ್ನು ಎಣ್ಣೆಯಲ್ಲೇ ಬಿಟ್ಟಳು. "ನಿಜವೇನೇ? ನನ್ನಾಣೆ? ಹಾಗಾದ್ರೆ ಆಮೇಲಿನ ಭಾನುವಾರ ಮೊದಲನೇ ಪೂರಿ ನಂಗೆ. ಗಿರಾಕಿಗಳು ಕ್ಯೂ ನಿಂತು ನೋಡ್ಲಿ." ಅಷ್ಟು ಹೇಳಿ ಎದೆಲ್ಮಿರಾಳ ಮುಖ ನೋಡಿದಳು. "ಯಾಕೆ ಕೊಮಾದ್ರೆ, ಸುದ್ದಿ ಒಳ್ಳೇದು ತಂದು ಮುಖ ಮಾತ್ರ ಸಾವಿನ ಮನೇದು ತಂದಿದೀಯ?"

ಎದೆಲ್ಮಿರಾ ಒಂದೂ ಬಿಡದೆ ಹೇಳಿದಳು. ಪೂರಿ ಕಪ್ಪಾಗಿ ಸೀದವು. ನೊಲ್ಫಾ ಅವನ್ನು ತೆಗೆದು ಕಡಲಹಕ್ಕಿಗಳಿಗೆ ಎಸೆದಳು.

"ಪಟ್ಟೀಲಿ ನನ್ನ ಮುಂದೆ ಯಾರ್ಯಾರಿದಾರೆ?"

"ಬಲೆ ಹೆಣೆಯೋ ಉರ್ಸುಲಾ ಇದಾಳೆ. ನಿಂಗೆ ಕುಂಬಳಕಾಯಿ ತಂದು ಹಾಕೋನ ಹೆಂಡತಿ ಇದಾಳೆ. ನೀನು ಇಪ್ಪತ್ತೆರಡನೆಯವಳು."

ನೊಲ್ಫಾ ಬಾಣಲೆಯ ಕೆಳಗಿನ ಉರಿ ತಗ್ಗಿಸಿದಳು. "ನಂಗೆ ಬದುಕೋ ಆಸೆ ಇದೆ ಕೊಮಾದ್ರೆ" ಎಂದಳು ಕೊನೆಗೆ. "ನೀನು ಸಭೇಲಿ ಏನು ಹೇಳ್ಬೇಕೋ ಹೇಳು. ನನ್ನ ಮಾತ್ರ ಕೇಳ್ಬೇಡ. ಕೇಳಿದ್ರೆ ನಾನು ಗುರುವಾರ ಅಂತೀನಿ."

ಅತ್ತ ದರಿ, ಇತ್ತ ಪುಲಿ. ಎದೆಲ್ಮಿರಾ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೊಗಳಿದರೆ ಕೊಮಾದ್ರೆ ಉಳಿಯುತ್ತಾಳೆ, ಅವಳ ಮುಂದಿರುವ ಇಪ್ಪತ್ತೊಂದು ಜನ ಇನ್ನೂ ಹಿಂದಕ್ಕೆ ಬೀಳುತ್ತಾರೆ. ತೆಗಳಿದರೆ ಗುರುವಾರ ಹೋಗುತ್ತದೆ, ಬೆಲಾರ್ಮಿನೊನನ್ನು ಬದುಕಿಸಿದ ಯಂತ್ರಕ್ಕೂ ಕೆಟ್ಟ ಹೆಸರು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಅವಮಾನವಾದದ್ದು ಆ ಚಹಾದಿಂದ. ತನ್ನ ಕೊಮಾದ್ರೆಯ ಹೊಟ್ಟೆಯೊಳಗಿನ ಕಲ್ಲನ್ನು ಆ ಮನುಷ್ಯ ಸಕ್ಕರೆ ಅಚ್ಚಿನಂತೆ ತಟ್ಟೆಯ ಪಕ್ಕದಲ್ಲಿಟ್ಟು ಕೊಟ್ಟಿದ್ದ, ತಾನು ಬೇಡ ಅನ್ನದೆ ಕುಡಿದಿದ್ದಳು.

ಶನಿವಾರ ಆಸ್ಪತ್ರೆಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ರಾಜಧಾನಿಯ ಇಬ್ಬರು ಅಧಿಕಾರಿಗಳು, ಬುಲ್ನೆಸ್, ನಡುವೆ ದೋನ್ ಫೆರ್ಮಿನ್. ಮೊದಲ ಸಾಲಿನಲ್ಲಿ ಬೆಲಾರ್ಮಿನೊನನ್ನು ಕೂರಿಸಿದ್ದರು. ಅಂಗಿ ಎತ್ತಿ ಗಾಯದ ಗುರುತು ತೋರಿಸಬೇಕೆಂದು ಯಾರೋ ಹೇಳಿದ್ದಕ್ಕೆ "ನಾನೇನು ಸಂತೆಗೆ ಬಂದ ಕುದುರೇನಾ, ಹಲ್ಲೂ ತೋರಿಸ್ಲಾ?" ಎಂದು ಕೇಳಿ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಕೂತಿದ್ದ. ಬಂದರಿನ ಹೆಂಗಸರು ಕೆಲಸದಿಂದ ನೇರ ಬಂದು ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ನೊಲ್ಫಾಳೂ ಇದ್ದಳು, ಒಂದು ಕೈ ಪಕ್ಕೆಯ ಮೇಲೆ.

ಬುಲ್ನೆಸ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದ. ರೋಬೋಟಿನ ಬಳಕೆ ಏರುತ್ತಾ ಹೋದ ಗೆರೆ ನೋಡಲು ಚೆನ್ನಾಗಿತ್ತು. ಮಾಮೂಲಿ ಪಟ್ಟಿಯ ಗೆರೆ ಎಲ್ಲಿಯೂ ಇರಲಿಲ್ಲ. ಆಮೇಲೆ ಅವನು ಮೈಕ್ ತಗ್ಗಿಸಿ "ಈಗ ನಮ್ಮ ರೋಬೋಟಿನ ಜ್ಞಾನತಾಯಿ" ಎಂದ. ಚಪ್ಪಾಳೆ ಬಿತ್ತು.

ಎದೆಲ್ಮಿರಾ ಏಪ್ರನ್ ಬಿಚ್ಚದೆ ಹಾಗೇ ಮೇಲೆ ಹತ್ತಿದಳು.

"ಯಂತ್ರ ಒಳ್ಳೇದು" ಎಂದಳು. "ನನ್ನ ಗಂಡನ್ನ ಉಳಿಸಿಕೊಡ್ತು. ಅದರ ಮೇಲೆ ಯಾರಾದ್ರೂ ಒಂದು ಮಾತಾಡಿದ್ರೆ ಮೊದಲು ನಾನೇ ಜಗಳಕ್ಕೆ ನಿಲ್ತೀನಿ."

ಬುಲ್ನೆಸ್ ತಲೆಯಾಡಿಸಿದ. ದೋನ್ ಫೆರ್ಮಿನ್ ಮುಗುಳ್ನಕ್ಕರು. ಎದೆಲ್ಮಿರಾ ಗೋಡೆಯ ಕಡೆ ನೋಡಿದಳು. ನೊಲ್ಫಾ ನೆಲ ನೋಡುತ್ತಿದ್ದಳು. ಮಾತು ಇಲ್ಲಿಗೇ ನಿಲ್ಲಿಸಿದರೆ ಗುರುವಾರ ಕೈಯಲ್ಲಿತ್ತು. ಒಂದೇ ಒಂದು ವಂದನೆ ಹೇಳಿ ಇಳಿಯಬಹುದಿತ್ತು. ಅವಳು ಇಳಿಯಲು ಕಾಲು ಮುಂದಿಟ್ಟದ್ದೂ ಹೌದು. ಆಗ ಮೇಜಿನ ಮೇಲೆ ಅಧಿಕಾರಿಗಳಿಗೆಂದು ಇಟ್ಟಿದ್ದ ಚಹಾದ ಲೋಟಗಳು ಕಣ್ಣಿಗೆ ಬಿದ್ದವು. ಅವೇ ಲೋಟಗಳು. ಕಲ್ಲಿದ್ದದ್ದು ನೊಲ್ಫಾಗೆ, ಪಿತ್ತ ನೆತ್ತಿಗೇರಿದ್ದು ಎದೆಲ್ಮಿರಾಗೆ.

"ಆದ್ರೆ ನಾನು ಇದರ ಜ್ಞಾನತಾಯಿ" ಎಂದಳು. "ಹೆತ್ತವರು ನೋಡ್ಕೊಳ್ದೆ ಇದ್ರೆ ಮಗೂ ಪರವಾಗಿ ಕೇಳೋ ಹಕ್ಕು ನಂದು. ಕೇಳ್ತೀನಿ. ಈ ಮಗೂಗೆ ಊಟ ಹಾಕ್ತಿರೋರು ಯಾರು? ಇದರ ಒಂದೊಂದು ಕತ್ತರಿಗೂ ಹತ್ತೇ ಜೀವ. ಆ ಜೀವಗಳನ್ನ ಎಲ್ಲಿಂದ ತರ್ತಿದೀರಿ ಅಂತ ಇಲ್ಲಿ ಗೋಡೆಗೆ ಒರಗಿ ನಿಂತೋರನ್ನ ಕೇಳಿ. ಅವರ ಪಾಲಿನ ದಾರ, ಅವರ ಪಾಲಿನ ಸೂಜಿ, ಅವರ ಪಾಲಿನ ಟೇಬಲ್ಲು. ನನ್ನ ಗಂಡನಂಥೋರಿಗೆ ಇದು ಬೇಕು. ಪಿತ್ತಕೋಶಕ್ಕೆ ಬೇಡ. ಎಣಿಕೆ ತುಂಬಿಸೋಕೆ ನಮ್ಮ ಹೊಟ್ಟೆ ಕೊಡಲ್ಲ."

"ಅಮ್ಮ, ಸಮಯ ಆಯ್ತು" ಎಂದ ಬುಲ್ನೆಸ್, ಮೈಕಿಗೆ ಕೈ ಹಾಕುತ್ತ.

"ಸಮಯ ನನಗೂ ಗೊತ್ತು ಸಾಹೇಬ್ರೆ, ಒಂದೂವರೆ ವರ್ಷದಿಂದ ನೋಡ್ತಿದೀನಿ." ಅವಳು ಮೈಕ್ ಬಿಡಲಿಲ್ಲ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ ಅಂತೀರಂತೆ. ಸರಿ. ಆದ್ರೆ ಈ ಮಗೂನ ಹುಟ್ಟಿಸಿದ್ದು ದೇವರಲ್ಲ, ಇಲ್ಲಿ ಕೂತಿದಾರೆ ದೋನ್ ಫೆರ್ಮಿನ್. ಕುದುರೆ ಕೊಟ್ಟೋರು ಹುಲ್ಲಿಗೆ ನಿಮ್ಮ ಮನೆ ಚಾವಣಿ ಕಿತ್ಕೊಳಿ ಅಂದ್ರೆ ಅದು ದಾನ ಅಲ್ಲ."

ಬುಲ್ನೆಸ್ ಅವಳ ಹತ್ತಿರ ಬಂದು ಮೈಕಿಗೆ ಕೇಳಿಸದಂತೆ, ಆದರೆ ಮುಂದಿನ ನಾಲ್ಕು ಸಾಲಿಗೂ ಪಕ್ಕದ ಗೋಡೆಗೂ ಕೇಳಿಸುವಂತೆ ಹೇಳಿದ: "ಕೊಮಾದ್ರೆ ಗುರುವಾರ ಕಳ್ಕೊಳ್ತಾರೆ, ಯೋಚನೆ ಮಾಡಿ."

ತನ್ನ ಜೀವವಾಗಿದ್ದರೆ ಎದೆಲ್ಮಿರಾ ಎರಡು ಮಾತು ಹೆಚ್ಚಿಗೇ ಆಡುತ್ತಿದ್ದಳು. ಇದು ಇನ್ನೊಬ್ಬಳ ಜೀವ. ಅವಳು ಮೈಕಿನಿಂದ ಕೈ ತೆಗೆದಳು.

ಆಗ ಗೋಡೆಯ ಕಡೆಯಿಂದ ಒಂದು ಒಡಕು ದನಿ ಬಂತು.

"ಪದ್ರೀನೊ ಕಾಚೊ."

ನೊಲ್ಫಾ. ಪಕ್ಕೆಯ ಮೇಲಿನ ಕೈ ಹಾಗೇ ಇತ್ತು. ಹಣೆಯ ಬೆವರು ದೂರದಿಂದಲೇ ಕಾಣುತ್ತಿತ್ತು. ಇನ್ನೊಮ್ಮೆ, ಈಗ ಮಕ್ಕಳು ಕೂಗುವ ರಾಗದಲ್ಲೇ, ಎಳೆದು ಕೂಗಿದಳು: "ಪದ್ರೀನೊ ಕಾ...ಚೊ."

ಮೊದಲು ಬಲೆ ಹೆಣೆಯುವ ಉರ್ಸುಲಾ ದನಿಗೂಡಿಸಿದಳು. ಆಮೇಲೆ ಗೋಡೆಗೆ ಗೋಡೆಯೇ. ಬೆಲಾರ್ಮಿನೊ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ. ಸಮುದ್ರದ ತಳದಲ್ಲಿ ಉಸಿರು ಬಿಗಿಹಿಡಿಯುವವನ ಎದೆ ಅದು, ಕಿಟಕಿ ಗಾಜು ನಡುಗಿತು. ದೋನ್ ಫೆರ್ಮಿನ್ ಎರಡು ವರ್ಷದ ಹಿಂದಿನಂತೆಯೇ ನಗುತ್ತಾ ಜನರತ್ತ ಬೀಸಲು ಕೈ ಎತ್ತಿದರು. ರಾಜಧಾನಿಯ ಅಧಿಕಾರಿಗಳಲ್ಲಿ ಒಬ್ಬಳು, ಬಡವರ ಮನೆಯಲ್ಲಿ ಹುಟ್ಟಿದವಳೇ ಇರಬೇಕು, ತುಟಿ ಕಚ್ಚಿ ನಗು ತಡೆಯುತ್ತಾ ಅವರ ಕಿವಿಯಲ್ಲಿ ಏನೋ ಹೇಳಿದಳು. ಎತ್ತಿದ ಕೈ ಇಳಿಯಿತು, ಇಳಿದದ್ದು ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ. ಅಂಥವರು ಚಿಲ್ಲರೆ ಇಟ್ಟುಕೊಳ್ಳುವುದಿಲ್ಲ, ಕಾರ್ಡು ಇಟ್ಟುಕೊಳ್ಳುತ್ತಾರೆ.

ಎದೆಲ್ಮಿರಾ ಅವರ ಮುಂದೆ ಹೋಗಿ ಏಪ್ರನ್ನಿನ ಎರಡು ತುದಿ ಹಿಡಿದು ಉಡಿ ಒಡ್ಡಿದಳು.

"ಬೇಡೋ ಉಡಿ ಅಂದ್ಕೋಬೇಡಿ ದೋನ್ ಫೆರ್ಮಿನ್. ಇದು ಜ್ಞಾನಸ್ನಾನದ ದಿನದ ಬಾಕಿ. ಯಂತ್ರ ಇರೋ ತನಕ ಅದರ ಕತ್ತರಿ ನಿಮ್ಮದು ಅಂತ ಇವರೆಲ್ಲರ ಮುಂದೆ ಹೇಳಿ. ಇಲ್ಲ, ಮಗೂನ ಸಾಕೋಕೆ ಆಗಲ್ಲ ಅನ್ನಿ. ಎರಡರಲ್ಲಿ ಒಂದು."

ದೋನ್ ಫೆರ್ಮಿನ್ "ನೋಡೋಣ, ಕೂತು ಮಾತಾಡೋಣ" ಎಂದರು. ಕೂಗು ಇನ್ನೂ ಜೋರಾಯಿತು. ಅಧಿಕಾರಿಣಿ ಬುಲ್ನೆಸ್ ಕಡೆ ತಿರುಗಿ "ಮಾಮೂಲಿ ಪಟ್ಟಿಯ ಗೆರೆ ಎಲ್ಲಿದೆ ಡಾಕ್ಟರ್? ಅದನ್ನೂ ನೋಡದೆ ನಾನು ಹೋಗಲ್ಲ" ಎಂದಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಡಾಕ್ಟರ್ ಇಗ್ನಾಸಿಯಾ ಎದ್ದು ನಿಂತಳು. "ಇನ್ಮೇಲೆ ಗುರುವಾರ ಗುರುವಾರ ಪುಲ್ಪೀತೊಗೆ ರಜಾ" ಎಂದಳು. "ಟೇಬಲ್ ನಂದು. ಹಳೇ ರೀತೀಲಿ ಆರು ಪಿತ್ತಕೋಶ ಮಾಡ್ತೀನಿ. ಪಟ್ಟಿಯ ಮೊದಲ ಆರು ಜನ ಬುಧವಾರ ಸಂಜೆ ಬಂದು ಸೇರ್ಕೊಳಿ. ತಡೆಯೋರು ಇಲ್ಲೇ, ಇವರ ಮುಂದೆ ತಡೀರಿ." ಬುಲ್ನೆಸ್ ತಡೆಯಲಿಲ್ಲ. ತಡೆಯುವ ಮುಖ ಅವನಿಗಿರಲಿಲ್ಲ.

ಎದೆಲ್ಮಿರಾ ವೇದಿಕೆಯಿಂದ ಇಳಿದು ನೊಲ್ಫಾಳ ಹತ್ತಿರ ಬಂದಳು. ಅಪ್ಪಿಕೊಳ್ಳಲು ಹೋದರೆ ನೊಲ್ಫಾ ಪಕ್ಕೆ ಮುಟ್ಟಬೇಡ ಎಂದು ಕೈ ಅಡ್ಡ ಹಿಡಿದಳು.

"ಯಾಕೆ ಕೂಗ್ದೆ ಕಣೆ?" ಎದೆಲ್ಮಿರಾ ಕೇಳಿದಳು. "ಗುರುವಾರ ಅಂತೀನಿ ಅಂದಿದ್ದೆಯಲ್ಲ."

"ನೀನು ಕೇಳಿದ್ರೆ ಅಂತೀನಿ ಅಂದಿದ್ದೆ. ನೀನು ಕೇಳ್ಲಿಲ್ಲವಲ್ಲ, ಆ ಬುಲ್ನೆಸ್ ಕೇಳಿದ." ನೊಲ್ಫಾ ಹಣೆಯ ಬೆವರು ಒರೆಸಿಕೊಂಡಳು. "ನನ್ನ ಪ್ರಾಣ ತೋರಿಸಿ ನಿನ್ನ ಬಾಯಿ ಮುಚ್ಚಿಸ್ತಾನಾ ಅವನು? ಈಗ ಲೆಕ್ಕ ಹಾಕು. ಗುರುವಾರಕ್ಕೆ ಆರು ಜನ. ನಾನು ಇಪ್ಪತ್ತೆರಡನೆಯವಳು."

"ನಾಲ್ಕನೇ ಗುರುವಾರ" ಎಂದಳು ಎದೆಲ್ಮಿರಾ.

"ನಾಲ್ಕು ವಾರ ಇವರನ್ನ ನಂಬ್ಕೊಂಡು ಮನೇಲಿ ಕೂತ್ರೆ ಆಯ್ತು ನನ್ನ ಕಥೆ" ಎಂದು ನೊಲ್ಫಾ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ವೇದಿಕೆಯ ಮೇಲೆ ದೋನ್ ಫೆರ್ಮಿನ್ ಕೋಟು ಹಾಕಿಕೊಳ್ಳುತ್ತಿದ್ದರು. "ನಾಳೆಯಿಂದ ಗಾಡಿ ಆಸ್ಪತ್ರೆ ಗೇಟಿಗೇ ತರ್ತೀನಿ. ಇಪ್ಪತ್ತೆರಡು ಅಂತ ಕರೆಯೋ ತನಕ ಅಲ್ಲೇ ಪೂರಿ ಕರೀತೀನಿ, ಅಲ್ಲೇ ಕೂಗ್ತೀನಿ. ಬಾ, ಅವರು ಕಾರು ಹತ್ತೋಕೆ ಮುಂಚೆ ಗೇಟಿನ ಹತ್ರ ಹೋಗೋಣ. ಮಕ್ಕಳನ್ನೂ ಕರೆ."